ಒಂದು ಹೆಸರಿನಷ್ಟು ಜಾಗ

ಬೆಳಿಗ್ಗೆ ಎದ್ದಾಗಿನಿಂದ ತೊರಾಜಿಗೆ ತನ್ನ ಬಲಗೈ ಬೇರೆ ಯಾರದೋ ಎನ್ನಿಸುತ್ತಿತ್ತು. ಮೂವತ್ತು ವರ್ಷ ಊರಿನ ಸೂರುಗಳಿಗೆ ಹುಲ್ಲು ಹೊದಿಸಿದ ಕೈ ಅದು. ಗೆಣ್ಣುಗಳು ಊದಿ ಗಟ್ಟಿಯಾಗಿದ್ದವು, ಹೆಬ್ಬೆರಳ ಉಗುರು ಒಡೆದೊಡೆದು ಕೊನೆಗೆ ಬೆಳೆಯುವ ಆಸೆಯನ್ನೇ ಬಿಟ್ಟಿತ್ತು. ಅಂಥ ಕೈಯಲ್ಲಿ ಕೆಂಡ ಕೆದಕುವ ಕಡ್ಡಿ ಹಿಡಿದು ಅವನು ಒಲೆಗುಂಡಿಯ ಬೂದಿಯ ಮೇಲೆ ಮೂರಕ್ಷರ ಬರೆದ: ಅಕಿಬಾ. ಅಳಿಸಿದ. ಮತ್ತೆ ಬರೆದ. ಹದಿನೈದು ದಿನದಿಂದ ಇದೇ ಕೆಲಸ. ಟೋಕಿಯೋದ ಶಾಸನಸಭೆಗೆ ಆಳು ಆರಿಸುವುದಕ್ಕೆ ಇಷ್ಟು ಕಾಲ ಊರಿನಲ್ಲಿ ತೆರಿಗೆ ಕಟ್ಟುವ ಹನ್ನೊಂದು ಮಂದಿ ಮಾತ್ರ ಹೋಗುತ್ತಿದ್ದರು. ಹೊಸ ಚಕ್ರವರ್ತಿ ಪಟ್ಟಕ್ಕೆ ಬಂದ ಮೂರನೇ ವರ್ಷ, ಈ ಸಲ, ಇಪ್ಪತ್ತೈದು ತುಂಬಿದ ಗಂಡಸರೆಲ್ಲ ಬರಬಹುದು ಎಂದಾಗಿತ್ತು. ಆದರೆ ಬಂದವನು ತನಗೆ ಬೇಕಾದವನ ಹೆಸರನ್ನು ತನ್ನ ಕೈಯಿಂದಲೇ ಬರೆಯಬೇಕು, ಇನ್ನೊಬ್ಬರಿಂದ ಬರೆಸಿದರೆ ನಡೆಯದು. ಹಾಗಾಗಿ ಆ ಚಳಿಗಾಲ ಎಚಿಗೊ ಸೀಮೆಯ ಹಳ್ಳಿಗಳಲ್ಲಿ ಗಡ್ಡ ನೆರೆತವರೆಲ್ಲ ಬೂದಿಯ ಮೇಲೋ ಹಿಮದ ಮೇಲೋ ಅಕ್ಷರ ತೀಡುತ್ತ ಕೂತಿದ್ದರು. ಸಾರಿಗೆ ಮೂಲಂಗಿ ಹೆಚ್ಚುತ್ತಿದ್ದ ಹೆಂಡತಿ ಸೆಕಿ ಕತ್ತು ಚಾಚಿ ನೋಡಿದಳು. ಮದುವೆಗೆ ಮುಂಚೆ ರೇಷ್ಮೆ ಗಿರಣಿಯಲ್ಲಿ ದುಡಿಯುವಾಗ ಅವಳು ಅಕ್ಷರ ಕಲಿತಿದ್ದಳು. "ನಡುವಿನ ಅಕ್ಷರ ಬಾಗಿದೆ ನೋಡಿ, ಅಕ್ಕಿಮೂಟೆ ಹೊತ್ತವನ ಹಾಗೆ," ಎಂದಳು. ಅವಳು ತಮಾಷೆಗೆ ಹೇಳಿದ್ದೇ ಇರಬಹುದು. ಅಕ್ಕಿ ಎಂಬ ಮಾತು ಕಿವಿಗೆ ಬಿದ್ದೊಡನೆ ತೊರಾಜಿ ಮುಖ ಅತ್ತ ತಿರುಗಿಸಿದ. ಅವನು ಅಕ್ಷರ ಅಳಿಸಿ ಕಡ್ಡಿಯನ್ನು ಬೂದಿಯಲ್ಲಿ ಚುಚ್ಚಿ ಎದ್ದ.

ಹದಿನೈದು ದಿನದ ಹಿಂದೆ ಊರಿನ ಕಚೇರಿಯ ಗೋಡೆಗೆ ಅಂಟಿಸಿದ ಕಾಗದವನ್ನು ಮೇಷ್ಟ್ರು ಗಟ್ಟಿಯಾಗಿ ಓದಿ ಹೇಳಿದ್ದರು. ಯಾರಿಗೆ ಮತವಿದೆ, ಯಾರಿಗಿಲ್ಲ. ಇಲ್ಲದವರ ಸಾಲಿನಲ್ಲಿ ಹುಚ್ಚರು, ಸೆರೆಮನೆಯಲ್ಲಿರುವವರು, ದಿವಾಳಿಯೆದ್ದವರು. ಅವರ ಬೆನ್ನಿಗೇ, ಬಡತನದ ದೆಸೆಯಿಂದ ಹೊಟ್ಟೆಪಾಡಿಗಾಗಿ ಸರ್ಕಾರದಿಂದಾಗಲಿ ಖಾಸಗಿ ಜನರಿಂದಾಗಲಿ ನೆರವು ಪಡೆಯುವವರು. ಮೇಷ್ಟ್ರು ಇದನ್ನು ಬೇರೆಯದರಂತೆಯೇ ಓದಿ ಮುಂದಕ್ಕೆ ಹೋದರು. ತೊರಾಜಿಗೆ ಮಾತ್ರ ಅಲ್ಲಿಂದ ಮುಂದಿನದು ಕೇಳಿಸಲಿಲ್ಲ. ಹೋದ ವರ್ಷ ಬಿಟ್ಟು ಅದರ ಹಿಂದಿನ ಚಳಿಗಾಲ, ಬುದ್ಧ ಮಂದಿರದ ಸೂರಿನಿಂದ ಹಿಮ ಇಳಿಸುವಾಗ ಅವನು ಹಿಮದ ಜೊತೆಗೇ ಕೆಳಗೆ ಬಂದಿದ್ದ. ಕಾಲು ಎರಡು ಕಡೆ ಮುರಿಯಿತು. ನಾಲ್ಕು ತಿಂಗಳು ಮಲಗಿದಲ್ಲೇ. ಅಕ್ಕಿಯಿಂದ ಸಾಕೆ ಎಂಬ ಮದ್ಯ ತಯಾರಿಸುವ ಹೊಂಜೊ ಧಣಿಯ ಮನೆಯಿಂದ ಸೆಕಿ ವಾರಕ್ಕೊಮ್ಮೆ ಅಕ್ಕಿ ತರುತ್ತಿದ್ದಳು. ಹುಲ್ಲಿನ ಗೊಂಗಡಿಯ ಒಳಗೆ ಪುಟ್ಟ ಗಂಟು ಅವಿತಿಟ್ಟು ಹಿತ್ತಿಲ ಕಡೆಯಿಂದ ಬರುವಳು. ಸದ್ದಾಗದ ಹಾಗೆ ಹಿಡಿಹಿಡಿಯಾಗಿ ಪೆಟ್ಟಿಗೆಗೆ ಸುರಿಯುವಳು. ಸದ್ದು ಆಗಿಯೇ ಆಗುತ್ತಿತ್ತು. ಆಗ ಅವನು ಗೋಡೆಯ ಕಡೆಗೆ ಹೊರಳಿ ನಿದ್ದೆ ಬಂದವನಂತೆ ಉಸಿರು ಬಿಡುತ್ತಿದ್ದ. ಧಣಿ ಕೊಟ್ಟರೇ, ಕೊಡುವಾಗ ಏನಂದರು, ಹಿತ್ತಿಲ ಬಾಗಿಲಲ್ಲಿ ನೀನು ಎಷ್ಟು ಬಗ್ಗಿದೆ, ಏನನ್ನೂ ಕೇಳಲಿಲ್ಲ. ಕೇಳಿದರೆ ಬೇಡಿದವನು ತಾನಾಗುತ್ತಿದ್ದ. ಕೇಳದಿದ್ದರೆ ಉಂಡವನಷ್ಟೇ. ಈಗ ಕಾನೂನು ಉಂಡವನನ್ನೇ ಹುಡುಕಿಕೊಂಡು ಬಂದಿತ್ತು. ಹಾಗಿದ್ದೂ ಪಟ್ಟಿಯಲ್ಲಿ ಅವನ ಹೆಸರು ಇತ್ತು. ಯಾರಿಗೂ ಗೊತ್ತಿಲ್ಲ ಎಂದೇ ಇತ್ತು. ಅಕಿಬಾ ಧಣಿಯ ಕಡೆಯ ಅಭ್ಯರ್ಥಿ, ಆ ಮೂರಕ್ಷರ ಬರೆದುಬಿಟ್ಟರೆ ಅಕ್ಕಿಗೂ ತನಗೂ ಚುಕ್ತಾ ಎಂದು ಅವನು ಬೂದಿಯ ಮುಂದೆ ಕೂತು ತನಗೆ ತಾನೇ ಹೇಳಿಕೊಂಡಿದ್ದ. ಆದರೆ ಕಳ್ಳತನದಿಂದ ಬಂದ ಮತ ಹಾಕಿ ಋಣ ತೀರಿಸುವುದು ಯಾವ ಸೀಮೆಯ ನಿಯತ್ತು ಎಂದು ಅದೇ ಮನಸ್ಸು ಮರುಗಳಿಗೆ ಕೇಳುತ್ತಿತ್ತು.

ಮದುವೆ, ಸಾವುಗಳಿಗೆ ಮಾತ್ರ ತೊಡುವ ಕಪ್ಪು ಮೇಲಂಗಿಯನ್ನು ಸೆಕಿ ಅವನ ಹೆಗಲಿಗೆ ಏರಿಸಿ, ಮುಂದೆ ದಾರ ಕಟ್ಟಿದಳು. "ಬೇಗ ಹೋಗಿ ಬನ್ನಿ," ಎಂದಳಷ್ಟೆ. ಹೊರಗೆ ಹಿಮ ಸೂರಿನ ಮಟ್ಟಕ್ಕೆ ಏರಿ, ದಾರಿ ಎರಡು ಬಿಳಿಗೋಡೆಗಳ ನಡುವಿನ ಓಣಿಯಾಗಿತ್ತು. ಊನಗಾಲು ಎಳೆಯುತ್ತ ಅವನು ನಡೆದ. ತಿರುವಿನಲ್ಲಿ ತೋಫು ಮಾರುವ ಚೂಗೊ ಜೊತೆಯಾದ. ಅವನೂ ಯಾರದೋ ಮೇಲಂಗಿ ತೊಟ್ಟಿದ್ದ, ತೋಳು ಗೇಣುದ್ದ ಗಿಡ್ಡ.

"ಅಣ್ಣಾ, ಬರೀತೀಯಾ ಹೇಗೆ? ನನಗೆ ರಾತ್ರಿಯಿಡೀ ಅಕ್ಷರದ್ದೇ ಕನಸು. ಅಕಿಬಾ ಬರೆದ್ರೆ ತೋಫು ಅಂತ ಆಗ್ತಿತ್ತು."

"ತೋಫೂಗೇ ಹಾಕು. ಅದಾದ್ರೂ ಹೊಟ್ಟೆಗೆ ಆಗುತ್ತೆ," ಎಂದ ತೊರಾಜಿ. ತನ್ನ ದನಿಯಲ್ಲಿ ನಗೆ ಇದ್ದದ್ದು ಅವನಿಗೇ ಆಶ್ಚರ್ಯ.

"ನಿನಗೇನಪ್ಪ, ಮನೇಲೇ ಮೇಷ್ಟ್ರಮ್ಮ ಇದ್ದಾಳೆ. ನನ್ನವಳು ನನಗಿಂತ ದಡ್ಡಿ." ಚೂಗೊ ಮೂಗು ಒರೆಸಿಕೊಂಡ. "ಅಲ್ಲ, ಆ ಮೇಲಿನೂರಿನ ಮುದುಕನ ಸಮಾಚಾರ ಕೇಳಿದೆಯಾ? ಮಂದಿರದೋರು ಕಂಬಳಿ ಕೊಟ್ಟಿದ್ರಂತೆ ಪಾಪ. ಪಟ್ಟಿ ಮಾಡೋವಾಗ್ಲೇ ಹೆಸರು ಹೊಡೆದುಹಾಕಿದ್ರಂತೆ. ಇನ್ಮೇಲೆ ಯಾರಾದ್ರೂ ಮೂಲಂಗಿ ಕೊಟ್ರೂ ಈಸ್ಕೊಳ್ಳೋ ಹಾಗಿಲ್ಲ ನೋಡು!"

ಚೂಗೊ ಬಿದ್ದು ಬಿದ್ದು ನಕ್ಕ. ತೊರಾಜಿಯೂ ನಕ್ಕ, ಮತ್ತು ನಗುತ್ತಿರುವಾಗಲೇ ಆ ಮುದುಕನ ಮುಖ ನೆನಪಿಗೆ ತಂದುಕೊಳ್ಳಲು ಯತ್ನಿಸಿದ. ಮುಖ ಬರಲಿಲ್ಲ. ಕಂಬಳಿ ಬಂತು, ಅದರ ಬಣ್ಣ ಬೂದು. ಇವನು ಬೇಕೆಂದೇ ಹೇಳುತ್ತಿದ್ದಾನೆಯೇ, ತೋಫು ಮಾರುವವನಿಗೆ ಊರಿನ ಎಲ್ಲ ಹಿತ್ತಿಲ ಬಾಗಿಲುಗಳೂ ಗೊತ್ತಲ್ಲವೇ ಎಂದು ಒಂದು ಸಲ ಅನ್ನಿಸಿತು. ಓರೆಗಣ್ಣಿನಿಂದ ನೋಡಿದ. ಚೂಗೊ ತನ್ನ ಗಿಡ್ಡ ತೋಳನ್ನು ಎಳೆದೆಳೆದು ಮಣಿಕಟ್ಟು ಮುಚ್ಚುವುದರಲ್ಲಿ ಮಗ್ನನಾಗಿದ್ದ. ಅವನಿಗೆ ಅವನದೇ ನಾಚಿಕೆ ಸಾಕಾಗಿತ್ತು.

ಶಾಲೆಯ ಅಂಗಳಕ್ಕೆ ಬಂದಾಗ ತೊರಾಜಿ ನಿಂತುಬಿಟ್ಟ. ಊರಿನ ಗಂಡಸರೆಲ್ಲ ಒಂದೇ ಸಾಲಿನಲ್ಲಿದ್ದರು. ಜಾತ್ರೆಯಲ್ಲೂ ಹೆಣದ ಹಿಂದೆಯೂ ಅವನು ಅವರನ್ನು ಒಟ್ಟಿಗೆ ಕಂಡಿದ್ದ, ಆದರೆ ಅಲ್ಲೆಲ್ಲ ಯಾರ ಹಿಂದೆ ಯಾರು ಎಂಬುದು ಅವರವರು ಹುಟ್ಟುವ ಮುಂಚೆಯೇ ನಿಶ್ಚಯವಾಗಿರುತ್ತಿತ್ತು. ಇಲ್ಲಿ ಮೊದಲು ಬಂದವನು ಮುಂದೆ. ಸುಡುಗಾಡು ಕಾಯುವ ಮುದುಕನ ಹಿಂದೆ ವೈದ್ಯರು ನಿಂತಿದ್ದರು. ಐವತ್ತು ಗದ್ದೆಯ ಒಡೆಯನ ಬೆನ್ನಿಗೆ ಅವನದೇ ಗೇಣಿದಾರ, ಕಾಲಿಗೆ ಕಾಲು ತಾಗದಂತೆ ಅತ್ತಿತ್ತ ಸರಿಯುತ್ತ ನಿಂತಿದ್ದ. ಎಲ್ಲರ ಬಾಯಿಂದಲೂ ಹಬೆ ಏಳುತ್ತಿತ್ತು, ಎದ್ದು ಮೇಲೆ ಒಂದಾಗಿ ಇದು ಇಂಥವನದು ಎಂದು ಹೇಳಲಾಗದ ಹಾಗೆ ಕರಗುತ್ತಿತ್ತು. ಸೂರಿನ ಮೇಲೆ ಕೂತು ಕೆಲಸ ಮಾಡುವವನಿಗೆ ಊರು ಹೇಗೆ ಕಾಣುತ್ತದೆಂದು ತೊರಾಜಿಗೆ ಗೊತ್ತು: ಧಣಿಯೂ ಜೀತದವನೂ ಬರೀ ನೆತ್ತಿಗಳು. ಆ ನೋಟ ತನ್ನೊಬ್ಬನದೇ ಎಂದುಕೊಂಡಿದ್ದ. ಸರ್ಕಾರಕ್ಕೂ ಊರು ಹಾಗೇ ಕಂಡಿತ್ತೆಂದರೆ! ಎಂದೂ ಕಾಣದ ಯಾವನೋ ಗುಮಾಸ್ತ ಟೋಕಿಯೋದಲ್ಲಿ ಕೂತು, ಈ ಹಿಮದ ಕೆಳಗೆ ತೊರಾಜಿ ಎಂಬುವನು ಇದ್ದಾನೆ, ಅವನನ್ನೂ ಒಂದು ಮಾತು ಕೇಳೋಣ ಎಂದಂತಿತ್ತು. ಅದಕ್ಕೇ ಭಯವಾಯಿತು. ಇಷ್ಟು ದೊಡ್ಡದರ ಒಳಕ್ಕೆ ತಾನು ಸುಳ್ಳಿನ ಮೇಲೆ ಕಾಲಿಡುತ್ತಿದ್ದೇನಲ್ಲ ಎಂದು ಅವನ ಕಾಲು ಹಿಂದೆಗೆಯಿತು. ಆದರೆ ಆಗಲೇ ಹಿಂದೆ ಐದಾರು ಜನ ನಿಂತಿದ್ದರು, ಮತ್ತು ಸಾಲು ಮುಂದಕ್ಕೆ ಸರಿಯುತ್ತಿತ್ತು.

ಒಳಗೆ ಮಕ್ಕಳ ಬೆಂಚುಗಳನ್ನೆಲ್ಲ ಗೋಡೆಗೆ ಒತ್ತರಿಸಿದ್ದರು. ಕತ್ತಿ ಕಟ್ಟಿದ ಪೊಲೀಸಿನವನೊಬ್ಬ ಬಾಗಿಲಲ್ಲಿ. ಉದ್ದನೆಯ ಮೇಜಿನ ಹಿಂದೆ ಊರ ಮುಖ್ಯಸ್ಥ ಶಿಗೆತಾ, ಪಟ್ಟಿ ನೋಡುವ ಗುಮಾಸ್ತ, ಬೀಗ ಹಾಕಿದ ಮರದ ಪೆಟ್ಟಿಗೆ. ಪಕ್ಕದಲ್ಲಿ ಎರಡು ಕುರ್ಚಿ, ಎರಡೂ ಕಡೆಯ ಸಾಕ್ಷಿಗಳಿಗೆ. ಒಂದರಲ್ಲಿ ಎದುರು ಕಡೆಯ ಅಭ್ಯರ್ಥಿ, ನಗಾಯಿ ಎಂಬ ವಕೀಲನ ಪರವಾಗಿ ಪೇಟೆಯಿಂದ ಬಂದ ಕನ್ನಡಕದ ಯುವಕ. ಇನ್ನೊಂದರಲ್ಲಿ, ಅಗ್ಗಿಷ್ಟಿಕೆಯ ಮೇಲೆ ಕೈ ಹಿಡಿದು, ಹೊಂಜೊ ಧಣಿ ಕೂತಿದ್ದರು.

ಧಣಿ ಸಾಕ್ಷಿ ಕೂರುತ್ತಾರೆಂದು ತೊರಾಜಿಗೆ ಯಾರೂ ಹೇಳಿರಲಿಲ್ಲ. ಅವರು ಅವನನ್ನು ನೋಡಿದರು, ಅಷ್ಟೆ. ಎಲ್ಲರನ್ನೂ ನೋಡಿದ ಹಾಗೆಯೇ. ಆ ನೋಟದಲ್ಲಿ ಏನೂ ಇರಲಿಲ್ಲ, ಮತ್ತು ಏನೂ ಇಲ್ಲದ್ದೇ ಅವನಿಗೆ ತಡೆಯಲಾಗಲಿಲ್ಲ. ತನ್ನ ಅಕ್ಕಿ ಉಂಡವನು ಮತದಾರನ ವೇಷ ಹಾಕಿ ಎದುರಿಗೆ ನಿಂತಿದ್ದಾನೆಂದು ಗೊತ್ತಿದ್ದೂ ಇವರು ಸುಮ್ಮನಿರುತ್ತಾರೆ. ಅಂದರೆ ಇವತ್ತು ಇನ್ನೊಂದು ಗಂಟು ಅಕ್ಕಿ ಕೊಡುತ್ತಿದ್ದಾರೆ. ತಾನು ಮತ್ತೆ ಗೋಡೆಯ ಕಡೆ ತಿರುಗಿ ನಿದ್ದೆ ಬಂದವನಂತೆ ಉಸಿರು ಬಿಡಬೇಕು. ಹಿಂದೆ ಯಾರೋ ಕೆಮ್ಮಿದರು. ಗುಮಾಸ್ತ ಹೆಸರು ಕೇಳಿದ, ಹುಡುಕಿದ, ಗೀಟು ಎಳೆದ, ಬಿಳಿಯ ಕಾಗದವೊಂದನ್ನು ಎರಡೂ ಕೈಯಲ್ಲಿ ಹಿಡಿದು ನೀಡಿದ. ಎರಡೂ ಕೈಯಲ್ಲಿ! ಯಾರಾದರೂ ತನಗೆ ಒಂದು ವಸ್ತುವನ್ನು ಹಾಗೆ ಕೊಟ್ಟದ್ದು ಅವನ ನೆನಪಿನಲ್ಲಿರಲಿಲ್ಲ. ಅವನು ಕೈ ಚಾಚಲಿಲ್ಲ.

"ಸ್ವಾಮಿ, ಇದು ನನಗೆ ಸಲ್ಲೋದಿಲ್ಲ," ಎಂದ.

ಶಿಗೆತಾ ತಲೆಯೆತ್ತಿದರು. "ಯಾಕಯ್ಯಾ ತೊರಾಜಿ? ಬರೆಯೋಕೆ ಬರಲ್ವಾ?"

ಸಾಲಿನಲ್ಲಿ ಸಣ್ಣ ನಗೆ.

"ಬರುತ್ತೆ. ಅದಲ್ಲ. ಗೋಡೆ ಮೇಲೆ ಬರೆದಿದ್ದೀರಲ್ಲ, ನೆರವು ಪಡೆದೋರಿಗೆ ಇಲ್ಲ ಅಂತ. ನಾನು ಪಡೆದಿದ್ದೀನಿ. ಕಾಲು ಮುರಿದ ಚಳಿಗಾಲದಲ್ಲಿ ನಾಲ್ಕು ತಿಂಗಳು ಧಣಿಗಳ ಮನೆ ಅಕ್ಕಿ ತಿಂದಿದ್ದೀನಿ. ಧಣಿಗಳು ದೊಡ್ಡೋರು, ಬಾಯಿ ಬಿಡ್ಲಿಲ್ಲ. ನನಗೇ ತಡೆಯೋಕಾಗ್ಲಿಲ್ಲ."

ಹೇಳಿ ಮುಗಿದ ಮೇಲೆ ಎದೆ ಹಗುರಾಗುತ್ತದೆಂದು ಅವನು ಎಣಿಸಿದ್ದ. ಆಗಲಿಲ್ಲ. ಬದಲಿಗೆ, ತಾನು ಹೇಳಿದ್ದು ಪ್ರಾಮಾಣಿಕತೆಯಿಂದಲೋ, ಧಣಿಯ ಎದುರಿಗೆ ಒಂದು ಸಲವಾದರೂ ತಾನೇ ಮೊದಲು ಬಾಯಿ ತೆರೆಯಬೇಕೆಂಬ ಹಟದಿಂದಲೋ ತಿಳಿಯದೆ ಕಕ್ಕಾಬಿಕ್ಕಿಯಾದ. ಕನ್ನಡಕದ ಯುವಕ ಎದ್ದು ನಿಂತಿದ್ದ. "ನೋಡಿ, ಬರ್ಕೊಳ್ಳಿ. ಖಾಸಗಿ ನೆರವು. ಅವನೇ ಒಪ್ಕೊಂಡಿದ್ದಾನೆ. ಇಂಥ ಎಷ್ಟು ಮತ ಇಟ್ಕೊಂಡಿದ್ದೀರಿ ಹೊಂಜೊ ಅವರೇ, ಅಕ್ಕಿ ಹಾಕಿ ಸಾಕಿರೋವು?" ಶಿಗೆತಾ ನಿಯಮದ ಪುಸ್ತಕವನ್ನು ಹಿಂದಕ್ಕೂ ಮುಂದಕ್ಕೂ ಮಗುಚತೊಡಗಿದರು. "ಎರಡು ವರ್ಷದ ಹಿಂದಿನ ಮಾತು ಇದು... ಈಗ ಹಿಡಿಯುತ್ತೋ ಇಲ್ವೋ... ತಡೀರಿ, ತಡೀರಿ..."

ಹೊಂಜೊ ಧಣಿ ಅಗ್ಗಿಷ್ಟಿಕೆಯಿಂದ ಕೈ ತೆಗೆದರು. ಏಳಲಿಲ್ಲ.

"ನಾನು ತೊರಾಜಿಗೆ ಒಂದು ಕಾಳೂ ಕೊಟ್ಟಿಲ್ಲ," ಎಂದರು.

"ಧಣೀ, ತಿಂದೋನು ನಾನು..."

"ನೀನು ತಿಂದಿರ್ತೀಯ. ನಾನು ಕೊಟ್ಟಿಲ್ಲ. ಅದು ನಿನ್ನ ಹೆಂಡತಿ ಕೂಲಿ." ಅವರು ಒಂದು ಗಳಿಗೆ ಬಾಗಿಲ ಕಡೆ ನೋಡಿದರು, ಅಲ್ಲಿ ಯಾರು ಯಾರು ನಿಂತಿದ್ದಾರೆಂದು ಲೆಕ್ಕ ಹಾಕುವವರಂತೆ. "ಸಾಕೆ ಹಿಂಡೋ ಚೀಲಗಳನ್ನ ಅವಳು ಹೊಲೀತಾಳೆ. ಹರಿದಿದ್ದಕ್ಕೆ ತೇಪೆ ಹಾಕಿ, ಕಾಕಿ ಮರದ ಕಾಯಿ ಕೊಳೆಸಿದ ಒಗರಿನಲ್ಲಿ ಅದ್ದಿ ಒಣಗಿಸ್ತಾಳೆ. ಸೌದೆ ಮನೇಲಿ ಕೂತು. ಆ ಚಳಿಗಾಲ ಶುರು ಮಾಡಿದ್ದು, ಈಗಲೂ ಬರ್ತಾಳೆ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಸಾಲಿನುದ್ದಕ್ಕೂ ಸದ್ದು ಹರಿಯಿತು. ಸಾಕೆ ಹುದುಗುವ ಮನೆಯ ಹೊಸ್ತಿಲನ್ನು ಹೆಂಗಸು ದಾಟಬಾರದು. ಹೆಂಗಸಿನ ಕೈ ಸೋಕಿದ ಚೀಲದಲ್ಲಿ ಹಿಂಡಿದರೆ ಸಾಕೆ ಹುಳಿಯುತ್ತದೆ. ಇದು ಗೊತ್ತಾದ ದಿನ ಹೊರಸೀಮೆಯಿಂದ ಬಂದ ಕೆಲಸಗಾರರು ಗಂಟುಮೂಟೆ ಕಟ್ಟುತ್ತಾರೆ, ಕೊಳ್ಳುವವರು ಪೀಪಾಯಿಗಳನ್ನು ವಾಪಸು ಕಳಿಸುತ್ತಾರೆ. ಈ ಊರಿನಲ್ಲಿ ಐದು ತಲೆಮಾರು ಸಾಕೆ ಮಾಡಿದ ಮನೆತನದ ಯಜಮಾನ ಇಷ್ಟು ಜನರ ಎದುರು ಅದನ್ನು ಹೇಳಿ ಸುಮ್ಮನೆ ಕೂತಿದ್ದರು. ಅವರ ಕಿವಿ ಮಾತ್ರ ಕೆಂಪಾಗಿತ್ತು. "ಹೊಸ್ತಿಲು ದಾಟಿಲ್ಲ," ಎಂದು ಮೆಲ್ಲಗೆ ಸೇರಿಸಿದರು, ಯಾರಿಗೆಂದು ತಿಳಿಯಲಿಲ್ಲ. ಆಮೇಲೆ ತೊರಾಜಿಯನ್ನು ನೋಡಿ, "ಅವಳು ನಿನಗೆ ಹೇಳಿಲ್ವಾ?" ಎಂದರು.

ಯಾರೋ ಕಿಸಕ್ಕನೆ ನಕ್ಕರು. ಕನ್ನಡಕದ ಯುವಕ ಕುರ್ಚಿಗೆ ಮರಳಿದ. ಶಿಗೆತಾ ಪುಸ್ತಕ ಮುಚ್ಚಿ, "ಕೂಲಿ ಅಂದಮೇಲೆ ಮುಗೀತಲ್ಲ. ಕೂಲಿ ನೆರವಲ್ಲ. ತಗೋ ಮಾರಾಯ, ಹಿಂದೆ ಜನ ಕಾಯ್ತಿದ್ದಾರೆ," ಎಂದರು. ಕಾಗದ ಅವನ ಕೈಗೆ ಹೇಗೆ ಬಂತೋ.

ಆ ಚಳಿಗಾಲ ಸೆಕಿಯ ಕೈ ಮಣಿಕಟ್ಟಿನ ತನಕ ಕಂದುಬಣ್ಣಕ್ಕೆ ತಿರುಗಿತ್ತು. ಈಗ, ಬರೆಯಲು ಹಲಗೆ ನಿಲ್ಲಿಸಿದ್ದ ಮೂಲೆಯ ಕಡೆಗೆ ಕಾಲೆಳೆದು ನಡೆಯುವಾಗ, ಆ ಕೈ ಕಣ್ಣಿಗೆ ಕಟ್ಟಿತು. ಎರಡು ವರ್ಷದಿಂದ ಅದು ಎಲ್ಲಿತ್ತು? ಕೊಳೆತ ಕಾಯಿಯ ಘಾಟು ವಾಸನೆ. ಗಂಜಿ ಬಟ್ಟಲನ್ನು ಅವಳು ಮುಖದ ಹತ್ತಿರ ತಂದಾಗ ಅವನು ಮುಖ ತಿರುಗಿಸಿ, "ಥೂ, ಏನಿದು ನಾತ, ಕೈ ತೊಳ್ಕೊಂಡು ಬಾ," ಎಂದಿದ್ದ. ಅವಳು ಹೋಗಿ ತೊಳೆದುಕೊಂಡು ಬಂದಿದ್ದಳು. ಹಿಮ ಕರಗಿಸಿದ ನೀರಿನಲ್ಲಿ. ಮತ್ತೆ ಬಟ್ಟಲು ಎತ್ತಿದಾಗಲೂ ವಾಸನೆ ಇತ್ತು, ಅವನು ಉಪಕಾರ ಮಾಡಿದವನಂತೆ ಸಹಿಸಿಕೊಂಡು ಉಂಡಿದ್ದ. ಆಮೇಲಿನ ಚಳಿಗಾಲ ಅವಳು ಮಂದಿರದಲ್ಲಿ ಹೆಂಗಸರ ಹೊಲಿಗೆ ಕೂಟ ಎಂದಿದ್ದಳು. ಅವನು ಒಪ್ಪಿದ್ದ, ಯಾಕೆಂದರೆ ಹೊಲಿಗೆ ಕೂಟದ ಬಗ್ಗೆ ಕೇಳುವುದಕ್ಕೆ ಏನಿರುತ್ತದೆ. ಧರ್ಮದ ಕೂಳು ಉಂಡೆನೆಂದು ತಾನು ಒಳಗೊಳಗೇ ಕೊರಗುತ್ತ, ಆ ಕೊರಗಿನಿಂದಲೇ ತಾನು ಉಳಿದವರಿಗಿಂತ ಸೂಕ್ಷ್ಮದ ಮನುಷ್ಯ ಎಂದು ಸಣ್ಣಗೆ ಬೀಗುತ್ತ ಬಂದಿದ್ದನಲ್ಲ. ಆ ಕೊರಗೂ ಈಗ ಅವನದಾಗಿ ಉಳಿಯಲಿಲ್ಲ. ಅನ್ನ ಅವಳು ಗಳಿಸಿದ್ದು. ಈ ಕಾಗದ ಕೂಡ ಹಾಗಾದರೆ ಅವಳು ಗಳಿಸಿದ್ದೇ.

ಮೂರು ಹಲಗೆ ನಿಲ್ಲಿಸಿ ಮಾಡಿದ ಗೂಡು. ಒಳಗೆ ಎದೆಯೆತ್ತರದ ಕಟ್ಟೆ, ಕುಂಚ, ಮಸಿ. ಬೆನ್ನ ಹಿಂದೆ ಊರೆಲ್ಲ ಇತ್ತು, ಇಲ್ಲಿ ಯಾರೂ ಇರಲಿಲ್ಲ. ಧಣಿ ನಾಲ್ಕು ಹೆಜ್ಜೆ ದೂರದಲ್ಲಿದ್ದರು, ಅವರಿಗೂ ಇಲ್ಲಿ ಕಣ್ಣಿಲ್ಲ. ಪೊಲೀಸಿನವನ ಕತ್ತಿಗೂ ಇಲ್ಲ. ಹುಟ್ಟಿದಂದಿನಿಂದ ತೊರಾಜಿ ಇಷ್ಟು ಒಂಟಿಯಾಗಿ ಎಲ್ಲೂ ನಿಂತಿರಲಿಲ್ಲ, ಸೂರಿನ ತುದಿಯಲ್ಲೂ ಇಲ್ಲ. ಕಾಗದವನ್ನು ಕಟ್ಟೆಯ ಮೇಲೆ ಇಟ್ಟ. ಸಣ್ಣ ಕಾಗದ, ಒಂದು ಹೆಸರಿನಷ್ಟು ಜಾಗ. ಅದರ ಬಿಳುಪು ಅವನನ್ನು ನೋಡುತ್ತಿತ್ತು. ದೇಶಕ್ಕೆ ದೇಶವೇ ಮಾತು ನಿಲ್ಲಿಸಿ ಈ ಹಲಗೆಯ ಆಚೆ ಕಾಯುತ್ತಿದೆ ಎನ್ನಿಸಿ ಮೈ ಜುಮ್ಮೆಂದಿತು. ಕುಂಚ ಎತ್ತಿದ. ಕೈ ತಾನಾಗಿಯೇ ಅಕಿಬಾ ಎಂದು ಹೊರಟಿತು, ಅದಕ್ಕೆ ರೂಢಿಯಾದದ್ದು ಅದು. ತಡೆದ. ಅವಳದ್ದಾದ ಕಾಗದದ ಮೇಲೆ ಅವಳಾಗಿದ್ದರೆ ಏನು ಬರೆಯುತ್ತಿದ್ದಳು?

ಗೊತ್ತಿರಲಿಲ್ಲ. ಇಪ್ಪತ್ತೆರಡು ವರ್ಷ ಒಂದೇ ಒಲೆಗುಂಡಿಯ ಎರಡು ಮಗ್ಗುಲಲ್ಲಿ ಕೂತವರು. ಅವಳಿಗೆ ಎಡಗಿವಿ ಮಂದ, ಮೂಲಂಗಿಯ ತುದಿ ಇಷ್ಟ, ಮಿಂಚಿಗೆ ಹೆದರುತ್ತಾಳೆ, ಇಷ್ಟು ಗೊತ್ತಿತ್ತು. ಹೊರಗೆ ಹೋಗಿ ಕೇಳಿಕೊಂಡು ಬರುವಂತಿಲ್ಲ, ಕಾಗದ ಹಿಡಿದು ಹೊರಗೆ ಹೋಗಲು ಬಿಡುವುದಿಲ್ಲ. ಅವನು ಗಾಬರಿಯಿಂದ ನೆನಪನ್ನು ತಡಕಾಡಿದ. ಹೋದ ತಿಂಗಳು ನಗಾಯಿ ಮಂದಿರಕ್ಕೆ ಬಂದು ಗೇಣಿದಾರರ ಪರವಾಗಿ ಎರಡು ಗಂಟೆ ಮಾತಾಡಿದ್ದ. ಹೆಂಗಸರೂ ಕೇಳಲು ಹೋಗಿದ್ದರು. ವಾಪಸು ಬರುವಾಗ ಸೆಕಿ, "ಆ ಮನುಷ್ಯರ ಕೋಟಿನ ಒಳಪಟ್ಟಿ ನೋಡಿದ್ರಾ? ತಾವೇ ಹೊಲ್ಕೊಂಡಿದ್ದಾರೆ," ಎಂದಿದ್ದಳು. "ನಿನಗೆ ಕಂಡದ್ದು ಅದೊಂದೇನಾ," ಎಂದು ಅವನು ಬಾಯಿ ಮುಚ್ಚಿಸಿದ್ದ. ಅದೇ ಇರಬೇಕು. ಹರಿದದ್ದನ್ನು ತಾನೇ ಹೊಲಿದುಕೊಳ್ಳುವವನ ಕಷ್ಟ ದಿನವೆಲ್ಲ ಚೀಲಕ್ಕೆ ತೇಪೆ ಹಾಕುವವಳಿಗಲ್ಲದೆ ಯಾರಿಗೆ ಗೊತ್ತಾಗಬೇಕು! ಅವನ ಕಣ್ಣಲ್ಲಿ ನೀರು ಬಂತು. ಧಣಿಯ ಋಣ ಎಂಬುದು ಇರಲೇ ಇಲ್ಲ, ಇದ್ದ ಋಣವೆಲ್ಲ ಮನೆಯೊಳಗೆ ಇತ್ತು. ಅವನು ನಿಧಾನವಾಗಿ, ಮೊದಲ ದಿನ ಸೆಕಿ ಬೂದಿಯ ಮೇಲೆ ಎರಡೂ ಹೆಸರು ಬರೆದು ತೋರಿಸಿದ್ದನ್ನು ನೆನೆಯುತ್ತ, ಒಂದೊಂದು ಗೀಟಿಗೂ ಉಸಿರು ಹಿಡಿದು, ನಗಾಯಿ ಎಂದು ಬರೆದ. ಕಾಗದ ಮಡಿಸಿ ಪೆಟ್ಟಿಗೆಯ ಸೀಳಿನೊಳಗೆ ಬಿಟ್ಟಾಗ ಅದು ಬಿದ್ದ ಸದ್ದೂ ಕೇಳಲಿಲ್ಲ. ಹೊಂಜೊ ಧಣಿ ಎಲ್ಲರಿಗೂ ಮಾಡಿದಂತೆ ತಲೆ ಬಾಗಿಸಿ, "ಶ್ರಮ ತಗೊಂಡ್ರಿ," ಎಂದರು. ಅವರ ಕಿವಿ ಇನ್ನೂ ಕೆಂಪಗೇ ಇತ್ತು.

ಮನೆಗೆ ಬರುವಾಗ ಅವನಿಗೆ ಕಾಲು ಊನ ಎಂಬುದೇ ಮರೆತಿತ್ತು. ಇದನ್ನು ಹೇಗೆ ಹೇಳಲಿ, ಎಲ್ಲಿಂದ ಶುರು ಮಾಡಲಿ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದ. ಸೆಕಿ ಒಲೆಗುಂಡಿಯ ಬಳಿ ಅವನ ಹರಿದ ಕಾಲ್ಚೀಲ ಹಿಡಿದು ಕೂತಿದ್ದಳು. ಜೋಡಿಸಿದ ಮಾತೆಲ್ಲ ಹಿಂದುಮುಂದಾಗಿ, ಅಕ್ಕಿಯ ವಿಷಯ ಬಾಯಿಬಿಟ್ಟದ್ದು, ಯುವಕ ಎದ್ದದ್ದು, ಧಣಿ ಹೇಳಿದ್ದು, ಎಲ್ಲ ಒಟ್ಟಿಗೇ ಹೊರಗೆ ಬಂತು.

ಸೆಕಿಯ ಸೂಜಿ ನಿಂತಿತು. "ಎಲ್ಲರ ಎದುರಿಗೂ ಹೇಳಿಬಿಟ್ರಾ ಧಣಿ?"

"ಹೂಂ. ಎಲ್ಲರೆದುರಿಗೆ. ಎಷ್ಟು ದೊಡ್ಡ ಮನುಷ್ಯ..."

"ಚೂಗೊ ಇದ್ನಾ ಅಲ್ಲಿ?"

"ಇದ್ದ."

"ಹಾಗಿದ್ರೆ ಇಷ್ಟೊತ್ತಿಗೆ ಸಾಕೆ ಮನೆ ಮೇಸ್ತ್ರಿಗೆ ತಲುಪಿರುತ್ತೆ." ಅವಳು ಸೂಜಿಯನ್ನು ಕಾಲ್ಚೀಲಕ್ಕೆ ಚುಚ್ಚಿಟ್ಟಳು. "ನಾಳೆಯಿಂದ ಹೋಗೋ ಹಾಗಿಲ್ಲ ಬಿಡಿ. ಇನ್ನೂ ನಲವತ್ತು ಚೀಲ ಇತ್ತು."

ತೊರಾಜಿಗೆ ಇದು ಹೊಳೆದೇ ಇರಲಿಲ್ಲ. ಅಷ್ಟು ಜನರ ನಡುವೆ ನಿಂತು ತಾನು ಎತ್ತಿ ಹಿಡಿದ ನಿಯತ್ತು ಯಾರ ತಲೆಯ ಮೇಲೆ ಬಿತ್ತು ಎಂಬುದು. "ಯಾಕೆ ಹೇಳ್ಲಿಲ್ಲ ನನಗೆ?" ಎಂದ, ದನಿ ಅವನಿಗೇ ಬೇಡವಾಗುವಷ್ಟು ಸಣ್ಣದಾಗಿ.

"ಹೇಳಿದ್ರೆ ಬಿಡಿಸ್ತಿದ್ರಿ. ಹೆಂಡತಿ ಕೂಲಿ ತಿನ್ನೋದಕ್ಕಿಂತ ಧಣಿ ಕೊಟ್ಟಿದ್ದು ತಿನ್ನೋದೇ ನಿಮಗೆ ಸುಲಭ ಅನ್ನಿಸ್ತು. ಗೋಡೆ ಕಡೆ ತಿರುಗ್ತಿದ್ರಲ್ಲ." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಹವೆಯ ಬಗ್ಗೆ ಹೇಳಿದಂತಿತ್ತು.

"ಸೆಕಿ, ನಾನು ಅಕಿಬಾ ಬರೀಲಿಲ್ಲ. ನಗಾಯಿ ಅಂತ ಬರೆದೆ. ಅದು ನಿನ್ನ ಮತ ಅಂತ ಅನ್ನಿಸ್ತು. ನೀನು ಬರೆಯೋದನ್ನೇ ಬರೆದೆ."

"ನಾನಾ? ನಗಾಯಿನಾ?" ಅವಳು ನಿಜವಾಗಿ ಬೆರಗಾಗಿದ್ದಳು. "ನಾನು ಯಾವಾಗ ಹೇಳ್ದೆ?"

"ಕೋಟಿನ ಹೊಲಿಗೆ... ಮಂದಿರದಿಂದ ಬರ್ತಾ..."

"ಅಯ್ಯೋ, ಅದು ಹೊಲಿಗೆ ಕೆಟ್ಟದಾಗಿತ್ತು ಅಂತ ಹೇಳಿದ್ದು!"

ಅವನು ಒಲೆಗುಂಡಿಯ ಅಂಚಿಗೆ ಕೂತ. ಆಮೇಲೆ ಕೇಳಿದ. "ಹಾಗಾದ್ರೆ ನೀನಾಗಿದ್ರೆ ಯಾರ ಹೆಸರು ಬರೀತಿದ್ದೆ?"

ಸೆಕಿ ಕೆಂಡವನ್ನು ನೋಡುತ್ತ ಕೂತಳು. ಹುಬ್ಬುಗಳ ನಡುವೆ ಒಂದು ಗೆರೆ ಮೂಡಿತು.

"ಅಕಿಬಾ," ಎಂದಳು ಕೊನೆಗೆ.

"ಧಣಿಗೋಸ್ಕರನಾ?"

"ಧಣಿಗೆ ಯಾಕೆ? ಅವರಿಗೆ ಕೆಲಸ ಮಾಡಿಕೊಟ್ಟಿದ್ದೀನಿ, ಅವರು ಅಕ್ಕಿ ಕೊಟ್ಟಿದ್ದಾರೆ. ನಗಾಯಿ ಅವತ್ತು ಎರಡು ಗಂಟೆ ಮಾತಾಡಿದ್ರಲ್ಲ, ಬಡವರು, ಬಡವರು ಅಂತ. ನಾವು ಹದಿನಾಲ್ಕು ಹೆಂಗಸ್ರು ಹಿಂದುಗಡೆ ಚಪ್ಪಲಿ ಗೂಡಿನ ಹತ್ತಿರ ಕೂತಿದ್ವಿ. ಒಂದ್ಸಲನಾದ್ರೂ ಕಣ್ಣೆತ್ತಿ ಆ ಕಡೆ ನೋಡ್ಲಿಲ್ಲ."

"ಅಕಿಬಾ ನೋಡಿದ್ದಾರಾ?"

"ಅವರು ಊರಿಗೇ ಬಂದಿಲ್ಲ. ಎದುರಿಗೆ ಬಂದು ನೋಡದೇ ಇರೋರಿಗಿಂತ ಬರದೇ ಇರೋರು ವಾಸಿ."

ಇದು ಸರಿಯೋ ತಪ್ಪೋ ತೊರಾಜಿಗೆ ತಿಳಿಯಲಿಲ್ಲ. ವಾದಿಸಬಹುದಿತ್ತು, ಚೂಗೊ ಹೀಗಂದಿದ್ದರೆ ವಾದಿಸುತ್ತಿದ್ದ. ಅವನು ಅವಳನ್ನೇ ನೋಡುತ್ತಿದ್ದ. ಅವನು ಅತ್ತ ಉತ್ತರ ಬೇಡದ ಮಾತುಗಳನ್ನಾಡುತ್ತ ಮುದುಕನಾಗುತ್ತಿದ್ದಾಗ, ಇತ್ತ, ಕೆಂಡದ ಈ ಮಗ್ಗುಲಿನಲ್ಲಿ, ಒಬ್ಬಳು ಎಲ್ಲವನ್ನೂ ನೋಡಿ, ತೂಗಿ, ತೀರ್ಮಾನಿಸಿ, ಬಾಯಿ ಮುಚ್ಚಿಕೊಂಡು ಚೀಲ ಹೊಲಿಯುತ್ತಿದ್ದಳು. ಶಾಲೆಯ ಅಂಗಳದಲ್ಲಿ ಇನ್ನೂರು ಗಂಡಸರನ್ನು ಕಂಡಾಗ ಕಾಲು ನಿಂತುಬಿಟ್ಟಿತ್ತಲ್ಲ, ಅದಕ್ಕಿಂತ ದೊಡ್ಡದು ಈಗ ಎದೆಯಲ್ಲಿ ಎದ್ದು ನಿಂತಿತು. ಅವನಿಗೆ ಅದನ್ನು ಹೇಳಲು ಮಾತು ಗೊತ್ತಿರಲಿಲ್ಲ. ಮೇಲಂಗಿಯನ್ನು ಸರಿಪಡಿಸಿಕೊಂಡು ಮೊಣಕಾಲೂರಿದ. ಮುರಿದ ಕಾಲು ಚುಳ್ಳೆಂದಿತು. ಎರಡೂ ಅಂಗೈಗಳನ್ನು ಚಾಪೆಯ ಮೇಲೆ ಇಟ್ಟು, ಹಣೆ ನೆಲಕ್ಕೆ ತಾಗುವ ತನಕ ಹೆಂಡತಿಯ ಎದುರು ಬಗ್ಗಿದ.

"ಏನು ಬಿತ್ತು?" ಎಂದಳು ಸೆಕಿ, ಮತ್ತು ತಾನೂ ಬಗ್ಗಿ ಚಾಪೆಯ ಮೇಲೆ ಕೈಯಾಡಿಸಿ ಹುಡುಕತೊಡಗಿದಳು.